ಗಂಡು ಹೂವಿನ ಗಾಡಿ

ಸದ್ದು ಜಾಸ್ತಿ ಮಾಡುವ ಗಾಡಿ ಜಾಸ್ತಿ ಓಡುತ್ತದೆ ಎಂದು ನಂಬಿದ ಮನುಷ್ಯನಿಗೆ ಬುದ್ಧಿ ಹೇಳುವುದಕ್ಕಿಂತ ಕೋಣನ ಮುಂದೆ ಕಿನ್ನರಿ ಬಾರಿಸುವುದು ಲೇಸು. ಕೋಣ ಮೊಬೈಲು ತೆಗೆದು ವಿಡಿಯೊ ತೋರಿಸಿ ವಾದಕ್ಕಂತೂ ನಿಲ್ಲುವುದಿಲ್ಲ. ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ರಸ್ತೆಯ ಬದಿಗಿರುವ ನನ್ನ ಶೆಡ್ಡಿಗೆ ಇಂಥವರು ವಾರಕ್ಕೊಬ್ಬರಾದರೂ ಬರುತ್ತಾರೆ. ಬಂದವರೆಲ್ಲ ಗಾಡಿಯ ರೋಗ ಹೇಳುವುದಿಲ್ಲ, ಔಷಧಿಯ ಹೆಸರು ಹೇಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಔಷಧಿ ಹಾಕಬೇಕು, ನಾಳೆ ರೋಗ ಹೆಚ್ಚಾದರೆ ಬೈಸಿಕೊಳ್ಳಬೇಕು.

ಹೋದ ವರ್ಷ ಶ್ರಾವಣದಲ್ಲಿ ಬಂದ ಗಾಡಿಯೂ ಹಾಗೆಯೇ ಬಂತು. ಒಂದು ಲೀಟರಿನ, ಮೂರು ಸಿಲಿಂಡರಿನ, ಟರ್ಬೊ ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿಸುತ್ತಿದ್ದವನು ಇಪ್ಪತ್ತೈದರ ಆಸುಪಾಸಿನ ಯುವಕ. ಪಕ್ಕದಲ್ಲಿ ಆತನ ಅತ್ತಿಗೆ, ಇಟಿಕ್ಯಾಲದ ಹತ್ತಿರ ಎರಡು ಎಕರೆ ಬೀಜದ ಹತ್ತಿ ಬೆಳೆಸುವ ಹೆಣ್ಣುಮಗಳು. ಗಂಡ ಗದ್ವಾಲದಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾರೆ. ಹೊಲದ್ದು ಮಾತ್ರ ಈಕೆಯದೇ ಕಾರುಬಾರು. ಆ ಮೈದುನ ಇಳಿದವನೇ ಡಬ್ಬಿಯಿಂದ ಕೆಂಪು ಬಣ್ಣದ, ಶಂಖದ ಆಕಾರದ ಏರ್ ಫಿಲ್ಟರೊಂದನ್ನು ತೆಗೆದು ನನ್ನ ಬೆಂಚಿನ ಮೇಲೆ ನೈವೇದ್ಯ ಇಟ್ಟಷ್ಟು ಭಕ್ತಿಯಿಂದ ಇಟ್ಟ.

“ಉಸ್ತಾದ್, ಇದನ್ನ ಕೂಡಸ್ರಿ. ಹಿಂದ ದಪ್ಪ ಪೈಪು ಗದ್ವಾಲದಾಗ ಮಾಡಸ್ತೀನಿ. ಎರಡೂ ಕೂಡಿದ್ರ ಇಪ್ಪತ್ತು ಹಾರ್ಸ್‌ಪವರ್ ಏರತೈತಿ.”

“ಯಾರಂದ್ರಪಾ?”

“ಹೈದರಾಬಾದಿನ ಅಂಗಡ್ಯಾಂವ. ವಿಡಿಯೊದಾಗ ತೋರಸ್ಯಾನಲ್ರೀ.”

“ಹಂಗಾರ ಗಾಡಿನೂ ವಿಡಿಯೊದಾಗ ಓಡಸು.”

ಅತ್ತಿಗೆ ನಗಲಿಲ್ಲ. “ಅವನ ಮಾತು ಬಿಡ್ರಿ ಮಿಸ್ತ್ರಿ. ನನಗ ಹಾರ್ಸೂ ಬ್ಯಾಡ, ಕತ್ತೆನೂ ಬ್ಯಾಡ. ಇಪ್ಪತ್ತು ನಿಮಿಷ ಬೇಕು” ಎಂದರು.

ಆ ಇಪ್ಪತ್ತು ನಿಮಿಷದ ಲೆಕ್ಕ ತಿಳಿಯಬೇಕಾದರೆ ಬೀಜದ ಹತ್ತಿಯ ಕೆಲಸ ಸ್ವಲ್ಪ ತಿಳಿಯಬೇಕು. ಹೊಲದಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಇವತ್ತು ಸಂಜೆ ಕೂಲಿ ಹೆಣ್ಣುಮಕ್ಕಳು ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗು ಹುಡುಕಿ, ಉಗುರಿನಿಂದ ಸುಲಿದು, ಒಳಗಿನ ಗಂಡು ಭಾಗ ತೆಗೆದುಹಾಕುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪುಡಿಯನ್ನು ಈ ಹೂವಿಗೆ ಸವರಿ, ಗುರುತಿಗೆ ದಾರ ಕಟ್ಟುತ್ತಾರೆ. ಆ ಹೂವಿಗೆ ಅದೊಂದೇ ದಿನ. ಬಿಸಿಲೇರಿದ ಮೇಲೆ ಸವರಿದರೆ ಕಾಯಿ ನಿಲ್ಲುವುದಿಲ್ಲ, ಸವರದೆ ಬಿಟ್ಟರೆ ಮಾರನೇ ದಿನ ಕೆಂಪಾಗಿ ಉದುರುತ್ತದೆ. ಈಕೆಯ ಗಂಡು ಸಾಲು ಆ ಸಲ ನೀರು ನಿಂತು ಕೊಳೆತುಹೋಗಿತ್ತು. ಅದೇ ತಳಿಯ ಗಂಡು ಗಿಡ ನಾರಾಯಣಪೇಟೆಯ ಹತ್ತಿರ ಬೀಗರೊಬ್ಬರ ಹೊಲದಲ್ಲಿತ್ತು. ಹೀಗಾಗಿ ದಿನವೂ ಬೆಳಿಗ್ಗೆ ಅಲ್ಲಿ ಹೂ ಕಿತ್ತು, ಬುಟ್ಟಿಗೆ ತುಂಬಿ, ಮಕ್ತಲ್, ಜುರಾಲಾ ಅಣೆಕಟ್ಟು, ಗದ್ವಾಲ ದಾಟಿ ಇಟಿಕ್ಯಾಲ ಮುಟ್ಟಿಸಬೇಕು. ಹೊಲದಲ್ಲಿ ಮೂವತ್ತು ಹೆಣ್ಣುಮಕ್ಕಳು ಕೈಯಲ್ಲಿ ದಾರ ಹಿಡಿದು ಕೂತಿರುತ್ತಾರೆ. ಗಾಡಿ ಒಂಬತ್ತಕ್ಕೆ ಮುಟ್ಟುತ್ತಿತ್ತು. ಹೂ ಹಂಚಿ ಕೆಲಸ ಮುಗಿಸುವಷ್ಟರಲ್ಲಿ ಕೊನೆಯ ಸಾಲುಗಳಿಗೆ ಬಿಸಿಲು ಬಂದುಬಿಡುತ್ತಿತ್ತು.

“ಇಪ್ಪತ್ತು ನಿಮಿಷ ಮೊದ್ಲ ಬಿಡ್ರಿ, ಮುಗೀತಲ್ಲ” ಎಂದೆ. ಇಂಥ ಸಲಹೆ ಕೊಡುವಾಗ ನನ್ನ ಮುಖದ ಮೇಲೆ ಒಂದು ನಗು ಬರುತ್ತದೆ, ಅದು ನನಗೂ ಗೊತ್ತು.

“ಯಾವ ಮೊಗ್ಗು ಇವತ್ತು ಅರಳತೈತಿ, ಯಾವುದು ನಾಳಿಗೆ, ಕತ್ತಲಾಗ ಕಾಣತೈತೇನ್ರಿ ನಿಮಗ?” ಎಂದರು ಆಕೆ.

ನನ್ನ ನಗು ಒಳಗೆ ಹೋಯಿತು.

ಮೊದಲು ಇದ್ದಂತೆಯೇ ಗಾಡಿಯನ್ನು ಅಳೆದೆ. ನನ್ನ ಹತ್ತಿರ ದೊಡ್ಡ ಯಂತ್ರಗಳಿಲ್ಲ. ಗೌಂಡಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪು ಇದೆ. ಅದನ್ನು ಹಲಗೆಗೆ ಬಗ್ಗಿಸಿ ಬಡಿದು, ಕುಂಕುಮ ಕಲಸಿದ ನೀರು ತುಂಬಿ, ಒಂದು ತುದಿಯನ್ನು ಏರ್ ಫಿಲ್ಟರ್ ಮತ್ತು ಟರ್ಬೊ ನಡುವಿನ ಕೊಳವೆಗೆ ಸಿಕ್ಕಿಸುತ್ತೇನೆ. ಎಂಜಿನ್ನಿಗೆ ಗಾಳಿ ಎಳೆಯುವುದು ಎಷ್ಟು ಕಷ್ಟವಾಗುತ್ತದೋ ಅಷ್ಟು ಕೆಂಪು ನೀರು ಮೇಲೇರುತ್ತದೆ. ಅದರ ಜೊತೆ ಒಳಹೋಗುವ ಗಾಳಿಯ ಶಾಖ ತೋರಿಸುವ ಸ್ಕ್ಯಾನರು, ಒಂದು ಸ್ಟಾಪ್‌ವಾಚು. ಊರ ಹೊರಗಿನ ನೇರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ನಲವತ್ತರಿಂದ ತೊಂಬತ್ತರವರೆಗೆ ಏರಿಸುವುದು, ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಮೈದುನ ಹಿಂದಿನ ಸೀಟಿನಲ್ಲಿ ಹಲಗೆ ಹಿಡಿದು ಕೂತ.

ಹತ್ತೂವರೆ ಸೆಕೆಂಡು. ನೀರು ಹನ್ನೊಂದು ಬೆರಳು ಏರಿತ್ತು.

ಕಂಪನಿಯ ಫಿಲ್ಟರ್ ಪೆಟ್ಟಿಗೆ ಬಿಚ್ಚಿದರೆ ಒಳಗಿನ ಕಾಗದದ ಫಿಲ್ಟರಿನಲ್ಲಿ ಒಂದು ಮಡಿ ತೊಗರಿ ಬಿತ್ತುವಷ್ಟು ಮಣ್ಣಿತ್ತು. ನಾರಾಯಣಪೇಟೆ ರಸ್ತೆಯನ್ನು ಅಗಲ ಮಾಡಲು ಅಗೆದು ತಿಂಗಳುಗಟ್ಟಲೆ ಆಗಿತ್ತು. ಟಿಪ್ಪರುಗಳ ಹಿಂದೆ ದಿನವೂ ಹೋಗಿ ಬರುವ ಗಾಡಿ ಮಣ್ಣಲ್ಲದೆ ಮತ್ತೇನು ತಿಂದೀತು? ಹೊಸ ಕಾಗದದ ಫಿಲ್ಟರ್ ಹಾಕಿ ಮತ್ತೆ ಓಡಿಸಿದೆ. ಎಂಟು ಪಾಯಿಂಟ್ ಆರು ಸೆಕೆಂಡು. ನೀರು ನಾಲ್ಕು ಬೆರಳು. ಕಳೆದುಹೋಗಿದ್ದ ಹಾರ್ಸ್‌ಪವರೆಲ್ಲ ಕಸದ ಕೆಳಗೆ ಸಿಕ್ಕಿತು.

“ಇನ್ನ ಅದನ್ನೂ ಹಾಕಿ ನೋಡ್ರಿ” ಎಂದು ಮೈದುನ ಕೆಂಪು ಶಂಖ ತೋರಿಸಿದ.

ಹಾಕಿದೆ. ನ್ಯಾಯವಾಗಿ ಹೇಳಬೇಕು, ನೀರು ಎರಡೇ ಬೆರಳು ಏರಿತು. ಟರ್ಬೊ ಉಸಿರೆಳೆಯುವ ಭುಸ್ಸೆನ್ನುವ ಸದ್ದು ಕೇಳಿ ಅವನ ಮುಖ ಅರಳಿತು. ಸ್ಟಾಪ್‌ವಾಚು ಮಾತ್ರ ಎಂಟೂವರೆ ತೋರಿಸಿತು. ಯಾಕೆಂದರೆ ಟರ್ಬೊ ಎಷ್ಟು ಗಾಳಿ ತುಂಬಬೇಕೆಂದು ಗಾಡಿಯ ಕಂಪ್ಯೂಟರು ಮೊದಲೇ ತೀರ್ಮಾನಿಸಿರುತ್ತದೆ. ಬಾಗಿಲು ದೊಡ್ಡದು ಮಾಡಿದ ಮಾತ್ರಕ್ಕೆ ಊಟಕ್ಕೆ ಕರೆದವರ ಸಂಖ್ಯೆ ಹೆಚ್ಚುವುದಿಲ್ಲ. ಆಮೇಲೆ ಸಂತೆಯ ಜನರ ನಡುವೆ ಹತ್ತು ನಿಮಿಷ ತೆವಳಿಸಿ, ಹೊರಗೆ ತಂದು ಮತ್ತೆ ಅಳೆದೆ. ಶಂಖ ಬಾನೆಟ್ಟಿನೊಳಗೆ ತೆರೆದು ಕೂತು ಎಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತಿತ್ತು. ಸ್ಕ್ಯಾನರಿನಲ್ಲಿ ಅರವತ್ತೆಂಟು ಡಿಗ್ರಿ. ಹತ್ತು ಸೆಕೆಂಡು. ಬಿಸಿ ಗಾಳಿ ಬಂದರೆ ಎಂಜಿನ್ನು ಹೆದರಿ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ಕಂಪನಿಯ ಪೆಟ್ಟಿಗೆಗೆ ಮುಂದಿನ ಜಾಲರಿಯ ಹಿಂದಿನಿಂದ ಹೊರಗಿನ ತಂಪು ಗಾಳಿ ಬರುವ ಮೂತಿ ಇದೆ. ಇಪ್ಪತ್ತು ಜನ ಎಂಜಿನಿಯರುಗಳು ಕೂತು ಇಟ್ಟ ಮೂತಿಯನ್ನು ಕಿತ್ತೆಸೆಯಲು ಒಬ್ಬ ವಿಡಿಯೊದವನು ಸಾಕು. ಇದನ್ನೆಲ್ಲ ಚಹದಂಗಡಿಯವರಿಗೂ ಕೇಳುವಂತೆ ಹೇಳಿದೆ. ಕೆಂಪು ಶಂಖವನ್ನು ಶೆಡ್ಡಿನ ಮೊಳೆಗೆ ನೇತುಹಾಕಿದೆ.

ಉಳಿದದ್ದು ಮಣ್ಣಿನ ಪ್ರಶ್ನೆ. ಆ ರಸ್ತೆಯಲ್ಲಿ ಹೊಸ ಕಾಗದದ ಫಿಲ್ಟರ್ ಒಂದು ವಾರವೂ ಬಾಳುವುದಿಲ್ಲ. ಮೂತಿಯ ಬಾಯಿಗೇ ತೆಳು ಬಟ್ಟೆಯೊಂದನ್ನು ಕಟ್ಟಿದರೆ ದಪ್ಪ ಮಣ್ಣು ಅಲ್ಲೇ ನಿಲ್ಲುತ್ತದೆ ಎಂದು ನನಗೆ ಹೊಳೆಯಿತು. ಹೊಳೆಯಿತು ಎನ್ನುವಾಗ ಈಗ ನಾಚಿಕೆಯಾಗುತ್ತದೆ, ಆಗ ಆಗಿರಲಿಲ್ಲ. ಹೆಂಡತಿಯ ತವರು ನಾರಾಯಣಪೇಟೆ, ಮಾವನವರದು ಮಗ್ಗದ ಮನೆ. ಫೋನು ಮಾಡಿ ತೆಳ್ಳನೆಯ ನೂಲಿನ ಬಟ್ಟೆ ಬೇಕೆಂದೆ. ಇಂಚಿಗೆ ಎಷ್ಟು ಎಳೆ ಬೇಕು ಎಂದು ಅವರು ಕೇಳಿದರು. ಸೊಳ್ಳೆ ಪರದೆಗಿಂತ ಒತ್ತಾಗಿ, ಸೀರೆಗಿಂತ ಸಡಿಲವಾಗಿ ಎಂದೆ. ಹೇಳಿದ ಹಾಗೆಯೇ ನೇಯ್ದು ಕಳಿಸಿದರು. ಹೆಂಡತಿ ತಂದು ಕೈಗಿಟ್ಟಳು. ಬಟ್ಟೆ ಹಪ್ಪಳದ ಹಾಗೆ ಖಡಕ್ಕಾಗಿತ್ತು.

“ಒಂದ್ಸಲ ಒಗದು ಹಾಕ್ರಿ. ಹೊಸಾ ಬಟ್ಟಿ ಹಂಗ ಯಾರರ ಹಾಕ್ತಾರೇನು?” ಎಂದಳು.

“ಇದು ಉಡೂ ಸೀರಿ ಅಲ್ಲ, ಫಿಲ್ಟರ್ ಐತಿ. ಖಡಕ್ ಇದ್ರನ ಚೊಲೋ, ಗಾಳಿಗೆ ಒಳಗ ಎಳಕೊಳ್ಳಂಗಿಲ್ಲ” ಎಂದೆ. ಆಕೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಇಪ್ಪತ್ತು ವರ್ಷ ಎಂಜಿನ್ನು ಬಿಚ್ಚಿದವನಿಗೆ ಬಟ್ಟೆಯ ವಿಷಯ ಹೇಳಲು ಬಂದಿದ್ದಾಳೆ ಎಂದುಕೊಂಡೆ. ಬಟ್ಟೆಯ ವಿಷಯವನ್ನು ಮಗ್ಗದ ಮನೆಯ ಮಗಳಲ್ಲದೆ ಮತ್ತ್ಯಾರು ಹೇಳಬೇಕಿತ್ತು ಎನ್ನುವ ಯೋಚನೆ ಬರಲಿಲ್ಲ.

ತಂತಿಯ ಬಳೆ ಮಾಡಿ, ಬಟ್ಟೆ ಹೊಲಿದು, ಮೂತಿಗೆ ಕೂಡಿಸಿ ಅಳೆದೆ. ನೀರು ನಾಲ್ಕೂವರೆ ಬೆರಳು. ಅರ್ಧ ಬೆರಳಿನ ನಷ್ಟಕ್ಕೆ ಮಣ್ಣಿನಿಂದ ಬಿಡುಗಡೆ. ಹೈದರಾಬಾದಿನ ಅಂಗಡಿಯವನನ್ನು ಕರೆತಂದು ತೋರಿಸಬೇಕು ಎನ್ನಿಸಿತು. ಎರಡು ಬಳೆ ಮಾಡಿ, ಒಂದನ್ನು ಗಾಡಿಗೆ ಹಾಕಿ, ಇನ್ನೊಂದನ್ನು ಮೈದುನನ ಕೈಗೆ ಕೊಟ್ಟೆ.

“ದಿನಾ ಬಿಚ್ಚಿ ಜಾಡಸು. ಮೂರು ದಿನಕ್ಕೊಮ್ಮೆ ಬದಲಿ ಮಾಡು.”

“ಒಗೀಬೇಕೇನ್ರಿ ಉಸ್ತಾದ್?”

“ಯಾಕ, ನಿನ್ನ ಲುಂಗಿ ಐತೇನದು? ನೀರು ಮುಟ್ಟಸಬ್ಯಾಡ.”

ಚಹದಂಗಡಿಯವರು ನಕ್ಕರು. ಅವನೂ ನಕ್ಕ.

ನಾಲ್ಕು ದಿನ ಗಾಡಿ ಹೂವಿನಂತೆಯೇ ಓಡಿತು. ಹನ್ನೊಂದು ನಿಮಿಷ ಉಳಿದಿದೆ ಎಂದು ಅತ್ತಿಗೆ ಫೋನು ಮಾಡಿದರು. ಐದನೇ ದಿನ ಗಾಡಿ ಕಾಣುವುದಕ್ಕೆ ಮೊದಲು ಅದರ ಸದ್ದು ಬಂತು. ಮೈದುನ ಗದ್ವಾಲದ ವೆಲ್ಡಿಂಗ್ ಅಂಗಡಿಯಲ್ಲಿ ನಡುವಿನ ಡಬ್ಬಿ, ಹಿಂದಿನ ಸೈಲೆನ್ಸರು ಎರಡನ್ನೂ ಕತ್ತರಿಸಿ, ತೋಳು ಗಾತ್ರದ ನೇರ ಪೈಪು ಹಾಕಿಸಿಕೊಂಡಿದ್ದ. ಶೆಡ್ಡಿನ ತಗಡು ನಡುಗಿತು. ಎದುರಿನ ಮನೆಯ ಎಮ್ಮೆ ಹಗ್ಗ ಹರಿದುಕೊಂಡಿತು. ಅವನ ಮುಖದ ಮೇಲಿದ್ದ ಸಂತೋಷ ನೋಡಿದರೆ ಗಂಡು ಮಗು ಹೆತ್ತು ಬಂದವನಂತಿದ್ದ.

ಟರ್ಬೊ ಗಾಡಿಗೆ ಹಿಂದಿನ ದಾರಿ ಸಲೀಸಾದರೆ ಸ್ವಲ್ಪ ಲಾಭ ಇದೆ, ಸುಳ್ಳಲ್ಲ. ಅಳೆದಾಗ ಸೆಕೆಂಡಿನ ಕಾಲುಭಾಗ ಸಿಕ್ಕಿತು. ಆದರೆ ಎರಡು ದಿನ ಬಿಟ್ಟು ಅತ್ತಿಗೆಯೇ ಮೈದುನನನ್ನು ಕರೆದುಕೊಂಡು ಅದೇ ಗಾಡಿಯಲ್ಲಿ ಶೆಡ್ಡಿಗೆ ಬಂದರು, ಜೊತೆಗೊಂದು ಬುಟ್ಟಿ ತಂದಿದ್ದರು.

“ಮ್ಯಾಲಿನ ಬುಟ್ಟಿ ಹೂ ನೆಟ್ಟಗ ಅದಾವ. ಕೆಳಗಿನ ಬುಟ್ಟ್ಯಾಗಿಂದು ಜೋತು ಬೀಳಾಕ ಹತ್ಯಾವ್ರಿ. ಸವರಿದ್ರ ಪುಡಿ ಅಂಟವಲ್ದು. ಏನಾಗೈತಿ ನೋಡ್ರಿ.”

ಗಾಡಿಯ ಹಿಂದಿನ ಡಿಕ್ಕಿ ತೆಗೆದು ಚಾಪೆ ಎತ್ತಿ ಕೈಯಿಟ್ಟೆ, ಸುಟ್ಟಿತು. ಶಾಖ ಅಳೆಯುವ ಗನ್ನು ಹಿಡಿದರೆ ಅರವತ್ತೆರಡು ಡಿಗ್ರಿ. ದಪ್ಪ ಪೈಪು ಹಿಡಿಸಲಿಲ್ಲವೆಂದು ಡಿಕ್ಕಿಯ ತಳಕ್ಕಿದ್ದ ಶಾಖ ತಡೆಯುವ ತಗಡನ್ನು ಗದ್ವಾಲದವನು ಬಿಚ್ಚಿ ಮೂಲೆಗೆ ಎಸೆದಿದ್ದ. ಗಂಡು ಹೂಗಳು ಒಲೆಯ ಮೇಲೆ ಕೂತು ಪ್ರಯಾಣ ಮಾಡುತ್ತಿದ್ದವು.

ಆ ದಿನ ನಾನು ಮೈದುನನಿಗೆ ಬೈದ ಬೈಗಳು ಈಗಲೂ ನೆನಪಿವೆ, ಯಾಕೆಂದರೆ ಬೈಯುವಾಗ ನನಗೆ ಬಹಳ ಖುಷಿಯಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದೆ. ನಿನ್ನ ತಲೆಯಲ್ಲಿ ಹೋಗುವ ಗಾಳಿಗೂ ಯಾವ ಫಿಲ್ಟರೂ ಇಲ್ಲ ಎಂದೆ. ಚಹ ಕುಡಿಯುವವರು ಲೋಟ ಹಿಡಿದು ರಸ್ತೆ ದಾಟಿ ಬಂದು ಕೇಳಿದರು. ಅವನು ತಲೆ ತಗ್ಗಿಸಿ ಬೂಟಿನ ತುದಿಯಿಂದ ನೆಲ ಕೆರೆಯುತ್ತ ನಿಂತಿದ್ದ. ಅತ್ತಿಗೆ ನನ್ನಷ್ಟು ಮಾತಾಡಲಿಲ್ಲ.

“ಇನ್ನೊಂದ್ಸಲ ನಿನ್ನಿಂದ ಹೂ ಕೆಟ್ರ ಕೀಲಿ ನನ್ನ ಕೈಯಾಗ ಇಡು. ಅಂಗಡ್ಯಾಗ ನಿಮ್ಮಣ್ಣನ ಕೂಡ ಗೊಬ್ಬರದ ಚೀಲ ಎತ್ತಾಕ ಹೋಗು” ಎಂದರು. ಆತ ಹೂಂ ಎಂದ. ಹೂ ತರುವ ಕೆಲಸವನ್ನು ಅವನು ಬೇಡಿ ಪಡೆದಿದ್ದ, ಆ ಗಾಡಿ ಬಿಟ್ಟರೆ ಆ ಮನೆಯಲ್ಲಿ ಅವನದು ಎನ್ನುವಂಥದು ಬೇರೇನೂ ಇರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಹಳೆಯ ಸೈಲೆನ್ಸರನ್ನು ಮತ್ತೆ ಕೂಡಿಸಲು ವೆಲ್ಡಿಂಗಿನವನು ಅಮಾವಾಸ್ಯೆ ಮುಗಿಯಲಿ ಎಂದ. ಅಲ್ಲಿಯವರೆಗೆ ಬುಟ್ಟಿಗಳನ್ನು ಹಿಂದಿನ ಸೀಟಿನ ಮೇಲಿಟ್ಟು ತರುವುದೆಂದಾಯಿತು. ಇನ್ನು ಎರಡೇ ದಿನದ ಮಾತಿತ್ತು.

ಮರುದಿನ ಬೆಳಗಿನಿಂದ ಸೋನೆ ಮಳೆ. ದಪ್ಪ ಹನಿಯಲ್ಲ, ಹಿಟ್ಟು ಉದುರಿದ ಹಾಗೆ. ಏಳೂಮುಕ್ಕಾಲಿಗೆ ಫೋನು ಬಂತು. “ಉಸ್ತಾದ್, ಜುರಾಲಾ ಕಟ್ಟಿ ಮ್ಯಾಲೆ ಅದೀನಿ. ಗಾಡಿ ಮೂವತ್ತರ ಮ್ಯಾಲೆ ಏರವಲ್ದು. ಈಗ ನಿಂತಬಿಟ್ಟೈತಿ. ಎಂಜಿನ್ ಲೈಟು ಹತ್ತೈತಿ.” ನನ್ನ ಬಾಯಿಂದ ಬಂದ ಮೊದಲ ಮಾತು, “ಪೈಪು ಹಚ್ಚಿದ್ಯಲ್ಲ, ಉಣ್ಣೀಗ.” ಬೈಕು ತೆಗೆದುಕೊಂಡು ಹೊರಟೆ. ಹಿಂದಿನಿಂದಲೇ ಅತ್ತಿಗೆಯ ಫೋನು. “ಪೈಪಿಂದ ಆಗೈತೇನ್ರಿ?” “ಮತ್ತೇನಿರತೈತ್ರಿ ಅಕ್ಕಾರ” ಎಂದೆ. ಗಾಡಿಯನ್ನು ಕಣ್ಣಿನಿಂದ ನೋಡಿರಲಿಲ್ಲ, ತೀರ್ಪು ಕೊಟ್ಟಾಗಿತ್ತು.

ಅಣೆಕಟ್ಟಿನ ರಸ್ತೆಯ ಬದಿಗೆ ಗಾಡಿ ನಿಂತಿತ್ತು. ಮೈದುನ ಮಳೆಯಲ್ಲಿ ನೆನೆಯುತ್ತ ಪಕ್ಕದಲ್ಲಿ ನಿಂತಿದ್ದ. ಹಿಂದಿನ ಸೀಟು ಖಾಲಿ.

“ಹೂ ಎಲ್ಲಿ?”

“ಮೀನಿನ ಆಟೊ ಬಂತ್ರಿ. ಕೈ ಮಾಡಿ ನಿಲ್ಲಿಸಿ ಅದ್ರಾಗ ಕಳಿಸೀನಿ. ಬರ್ಫದ ಡಬ್ಬಿ ಒಂದು ಖಾಲಿ ಇತ್ತು, ಅದ್ರಾಗ ಹಸೀ ಚೀಲ ಹಾಸಿ ಬುಟ್ಟಿ ಇಟ್ಟೀನಿ. ತಂಪಿರ್ತಾವ.” ಆಟೊದವನು ‘ಎಕ್ಕಡಿಕನ್ನಾ ಈ ಪೂಲು?’ ಎಂದು, ಎಲ್ಲಿಗಣ್ಣಾ ಈ ಹೂ ಎಂದು, ತೆಲುಗಿನಲ್ಲಿ ಕೇಳಿದನಂತೆ. ಹೊಲದ ದಾರಿ ಹೇಳಿ, ಅತ್ತಿಗೆಯ ನಂಬರು ಕೊಟ್ಟು, ಇವನು ಗಾಡಿ ಕಾಯಲು ಉಳಿದಿದ್ದ. ಅಷ್ಟು ಅವಸರದಲ್ಲಿ ನಾನಾಗಿದ್ದರೆ ಮೊದಲು ಬಾನೆಟ್ಟು ತೆಗೆದು ನಿಲ್ಲುತ್ತಿದ್ದೆ, ಹೂ ಒಳಗೇ ಬಾಡುತ್ತಿದ್ದವು. ಇದು ಆಗ ನನಗೆ ಹೊಳೆದರೂ ಹೇಳಲಿಲ್ಲ.

ಬಾನೆಟ್ಟು ಎತ್ತಿದೆ. ಪೈಪಿನ ಕಡೆ ಹೋಗುವ ಮೊದಲು ಮೂತಿಯ ಬಟ್ಟೆಗೆ ಬೆರಳು ತಗುಲಿತು. ಅದು ಬಟ್ಟೆಯಾಗಿ ಉಳಿದಿರಲಿಲ್ಲ. ಮಗ್ಗದ ಮನೆಯಲ್ಲಿ ನೂಲಿಗೆ ಹಾಕುವ ಗಂಜಿ ಮಳೆಯ ತುಂತುರಿಗೆ, ಮುಂದಿನ ಲಾರಿ ಚಿಮ್ಮಿಸಿದ ನೀರಿಗೆ ಕರಗಿ, ಜಾಡಿಸಿದರೂ ಉಳಿದಿದ್ದ ಕೆಂಪು ಮಣ್ಣಿನ ಜೊತೆ ಕಲಸಿ, ನೇಯ್ಗೆಯ ಕಣ್ಣು ಕಣ್ಣಿಗೂ ಮೆತ್ತಿಕೊಂಡಿತ್ತು. ತೊಯ್ದ ಹಂಚಿನ ರೊಟ್ಟಿಯ ಹಾಗೆ ಮೂತಿಯ ಬಾಯಿ ಪೂರ್ತಿ ಮುಚ್ಚಿತ್ತು. ಎಂಜಿನ್ನು ಮೂಗು ಮುಚ್ಚಿಸಿಕೊಂಡು ಅಣೆಕಟ್ಟಿನವರೆಗೆ ಓಡಿ ಬಂದಿತ್ತು. ನಾನು ಆ ಬಟ್ಟೆಯನ್ನು ಒಣಗಿದ್ದಾಗ ಅಳೆದಿದ್ದೆ, ಒಂದು ಲೋಟ ನೀರು ಚಿಮುಕಿಸಿ ಅಳೆದಿರಲಿಲ್ಲ. ಶ್ರಾವಣದಲ್ಲಿ ಕಟ್ಟಿದ ಬಟ್ಟೆಗೆ ಮಳೆ ತಾಗುತ್ತದೆಂದು ತಿಳಿಯಲು ಎಂಜಿನಿಯರೇ ಆಗಬೇಕೆಂದಿಲ್ಲ.

“ಪೈಪಿಂದ ಆತೇನ್ರಿ ಉಸ್ತಾದ್?” ಹಿಂದಿನಿಂದ ಅವನ ಧ್ವನಿ.

ಅವನಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಬಟ್ಟೆಯನ್ನು ಬಳೆಯ ಸಮೇತ ಮುರಿದು ಪ್ಯಾಂಟಿನ ಜೇಬಿಗೆ ತುರುಕಿದೆ. “ನೋಡೂಣು” ಎಂದೆ. ಸ್ಕ್ಯಾನರಿನಿಂದ ದೂರು ಅಳಿಸಿ ಕೀಲಿ ತಿರುಗಿಸಿದೆ. ಗಾಡಿ ಆ ದರಿದ್ರ ದಪ್ಪ ಪೈಪಿನಿಂದ ಅಣೆಕಟ್ಟು ಅದುರುವಂತೆ ಒದರಿತು, ಸಲೀಸಾಗಿ ಓಡಿತು. ಹೇಗೆ ಸರಿಯಾಯಿತು ಎಂದು ಅವನು ಕೇಳಿದ. ನಾನು ಕಿಟಕಿಯ ಹೊರಗೆ ನೋಡಿದೆ. ಬೈಕನ್ನು ಅಲ್ಲೇ ಕಾವಲಿನವರ ಹತ್ತಿರ ಬಿಟ್ಟು ಅವನ ಜೊತೆಗೇ ಇಟಿಕ್ಯಾಲಕ್ಕೆ ಹೊರಟಿದ್ದೆ. ಜೇಬಿನ ತೇವ ತೊಡೆಗೆ ಇಳಿಯುತ್ತಿತ್ತು. ನಾಚಿಕೆಯಾಯಿತು, ಹೌದು. ಆದರೆ ನಾಚಿಕೆಗಿಂತ ಮೊದಲು ಬಂದದ್ದು ಬೇರೆ: ಸದ್ಯ, ಆ ಪೈಪು ಇತ್ತಲ್ಲ ಎನ್ನುವ ನೆಮ್ಮದಿ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾವು ಹೊಲ ಮುಟ್ಟಿದಾಗ ಮೋಡ ಒಡೆದು ಬಿಸಿಲು ಬಿದ್ದಿತ್ತು. ಮೀನಿನ ಆಟೊ ನಮಗಿಂತ ಸ್ವಲ್ಪ ಮೊದಲು ಮುಟ್ಟಿತ್ತು. ಹೆಣ್ಣುಮಕ್ಕಳು ಸಾಲಿನಲ್ಲಿ ಬಗ್ಗಿ ಬೇಗ ಬೇಗ ಸವರಿ ದಾರ ಕಟ್ಟುತ್ತಿದ್ದರು. ಅತ್ತಿಗೆ ಬದುವಿನ ಮೇಲೆ ನಿಂತು, ಇನ್ನೂ ಕೈ ತಾಗದ ಸಾಲುಗಳನ್ನು ನೋಡುತ್ತಿದ್ದರು. ಅಲ್ಲಿ ನಿನ್ನೆ ಸಂಜೆ ಸುಲಿದಿಟ್ಟ ಹೂಗಳೆಲ್ಲ ಬಾಯಿ ತೆರೆದು ನಿಂತಿದ್ದವು.

“ಅರ್ಧ ಹೊಲ ಹೋತು ಇವತ್ತಿಂದು” ಎಂದರು. ಆಮೇಲೆ ಮೈದುನನ ಕಡೆ ಕೈ ಚಾಚಿದರು. “ತಾ ಇಲ್ಲಿ.”

ಅವನು ನನ್ನನ್ನೊಮ್ಮೆ ನೋಡಿದ, ಏನಾದರೂ ಹೇಳುತ್ತೇನೇನೋ ಎಂದು. ನಾನು ಗಿಡ ನೋಡುತ್ತಿದ್ದೆ. ಅವನು ಕೀಲಿಯನ್ನು ಅಂಗಿಯ ತುದಿಗೆ ಒರೆಸಿ ಆಕೆಯ ಅಂಗೈಯಲ್ಲಿಟ್ಟ. ಆ ಒರೆಸಿದ್ದು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದಿನ ಇಪ್ಪತ್ತು ವರ್ಷ ಮಕ್ತಲ್‌ನಲ್ಲಿ ದಪ್ಪ ಪೈಪಿನ ಕೇಡಿಗೆ ಈ ಕಥೆಯನ್ನೇ ನಾನು ಉದಾಹರಣೆ ಕೊಡುತ್ತಿದ್ದೆ.

ಜೇಬಿನಿಂದ ಬಟ್ಟೆ ತೆಗೆದು ಬದುವಿನ ಮೇಲಿಟ್ಟೆ. “ಪೈಪಿಂದಲ್ಲ ಅಕ್ಕಾರ. ಇದು ನಾ ಕಟ್ಟಿದ್ದು. ಇದರಿಂದ ಆಗೈತಿ.”

ಆಕೆ ಅದನ್ನೆತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿದರು. ಒಂದೇ ಸಲ. “ಗಂಜಿ ಐತಲ್ರೀ ಇದ್ರಾಗ. ಹೊಸಾ ಬಟ್ಟಿ ಒಗದಿದ್ದಿಲ್ಲೇನು?”

“ನಾ ಕೇಳಿದ್ದೆ ವೈನಿ” ಎಂದ ಮೈದುನ, ಮೆಲ್ಲಗೆ. “ನಿನ್ನ ಲುಂಗಿ ಐತೇನು ಅಂದ್ರು.”

ಹತ್ತಿರದ ಸಾಲಿನಲ್ಲಿದ್ದ ಹೆಣ್ಣುಮಕ್ಕಳು ಕೈಯ ಕೆಲಸ ನಿಲ್ಲಿಸದೆಯೇ ನಕ್ಕರು. ಬಟ್ಟೆಯಲ್ಲಿ ಗಂಜಿ ಇರುತ್ತದೆ, ಗಂಜಿ ತೊಯ್ದರೆ ಅಂಟಾಗುತ್ತದೆ ಎಂದು ಆ ಹೊಲದಲ್ಲಿದ್ದ ಮೂವತ್ತು ಜನಕ್ಕೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಸ್ಕ್ಯಾನರು ಹಿಡಿದುಕೊಂಡು ನಿಂತಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೀಲಿಯನ್ನು ಮೈದುನನ ಕೈಗೆ ವಾಪಸು ಕೊಟ್ಟು ನನ್ನ ಕಡೆ ತಿರುಗಿದರು.

“ಅವ ಮಾಡಿದ ತಪ್ಪು ಮೂರೂರಿಗೆ ಕೇಳಸ್ತು ಮಿಸ್ತ್ರಿ. ನಿಮ್ದು ಯಾರಿಗೂ ಕೇಳಸ್ಲಿಲ್ಲ. ಅಷ್ಟ ಫರಕು.”

ಅಮಾವಾಸ್ಯೆ ಕಳೆದ ಮೇಲೆ ಗದ್ವಾಲಕ್ಕೆ ನಾನೇ ಹೋಗಿ ನಿಂತು ಹಳೆಯ ಸೈಲೆನ್ಸರು, ಶಾಖದ ತಗಡು ಎರಡನ್ನೂ ಕೂಡಿಸಿದೆ. ಶೆಡ್ಡಿನಲ್ಲಿ ಆ ಗಂಜಿ ಬಟ್ಟೆಯನ್ನು ಮತ್ತೆ ತೋಯಿಸಿ ಅಳೆದಾಗ ಕೆಂಪು ನೀರು ಹಲಗೆಯ ತುದಿ ದಾಟಿ ಮೇಲೇರಿತು. ಹೆಂಡತಿಯ ಕೈಯಿಂದಲ್ಲ, ನನ್ನ ಕೈಯಿಂದಲೇ ಹೊಸ ಬಟ್ಟೆಯನ್ನು ಬಿಸಿ ನೀರಿನಲ್ಲಿ ಮೂರು ಸಲ ಒಗೆದು ಗಂಜಿ ಬಿಡಿಸಿದೆ. ಆಕೆ ಬಾಗಿಲಲ್ಲಿ ನಿಂತು ನೋಡಿದಳು, ಸಾಬೂನು ತಂದುಕೊಟ್ಟಳು. ತೋಯಿಸಿ ಅಳೆದರೆ ಆರು ಬೆರಳು. ಮಳೆಯಿದ್ದ ದಿನ ಬಟ್ಟೆಯನ್ನೇ ಕಟ್ಟಬಾರದೆಂದು ತೀರ್ಮಾನಿಸಿದೆ, ಆ ದಿನ ಮಣ್ಣೂ ಏಳುವುದಿಲ್ಲ. ಕೊನೆಗೆ ಆ ಗಾಡಿಗೆ ಆರಿಸಿದ ಸಾಮಾನು ಇಷ್ಟೇ: ಕಂಪನಿಯ ಪೆಟ್ಟಿಗೆ, ಕಾಗದದ ಫಿಲ್ಟರು, ಕಂಪನಿಯ ಸೈಲೆನ್ಸರು, ಒಗೆದ ಬಟ್ಟೆಯ ಒಂದು ತುಂಡು.

ಹೂವಿನ ಕೆಲಸ ಮುಗಿಯುವವರೆಗೆ ದಿನವೂ ಬೆಳಿಗ್ಗೆ ಏಳರ ಸುಮಾರಿಗೆ ಗಾಡಿ ನನ್ನ ಶೆಡ್ಡಿನ ಮುಂದೆ ನಿಲ್ಲುತ್ತಿತ್ತು. ನಾನು ಹಳೆಯ ಬಳೆ ಬಿಚ್ಚಿ ಒಗೆದದ್ದನ್ನು ಕೂಡಿಸುವಷ್ಟರಲ್ಲಿ ಮೈದುನ ಕಿಟಕಿಯ ಗಾಜು ಇಳಿಸಿ, ಚಹದಂಗಡಿಯವರಿಗೆಲ್ಲ ಕೇಳುವಂತೆ, “ಒಗದೀರೇನ್ರಿ ಉಸ್ತಾದ್?” ಎಂದು ಕೇಳುತ್ತಿದ್ದ. ಅಲ್ಲಿ ನಗು ಏಳುತ್ತಿತ್ತು. ಮೊಳೆಯ ಮೇಲಿನ ಕೆಂಪು ಶಂಖ ನೋಡಿ ಏನಾದರೂ ಚುಚ್ಚಿ ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದೆ.

ಕೊನೆಯ ದಿನವೂ ಗಾಡಿ ಬಂತು. ಹಿಂದಿನ ಸೀಟಿನ ಮೇಲೆ ಒಂದೇ ಬುಟ್ಟಿ, ಅದರಲ್ಲಿ ಅರಳುತ್ತಿರುವ ಹಳದಿ ಹೂಗಳು. ನಾನು ಬಳೆ ಕೂಡಿಸಿದೆ, ಬಾನೆಟ್ಟು ಮುಚ್ಚಿದೆ. ಆತ ಗಾಜು ಇಳಿಸಿದ, ಆದರೆ ಕೇಳಲಿಲ್ಲ. ಚಹದಂಗಡಿಯವರು ಕಾಯುತ್ತ ನಿಂತಿದ್ದರು. ಅವನು ಗೇರು ಹಾಕುವುದರೊಳಗೆ ನಾನೇ ಕಿಟಕಿಗೆ ಬಗ್ಗಿ, ಅವರಿಗೂ ಕೇಳುವಷ್ಟು ಗಟ್ಟಿಯಾಗಿ, “ಒಗದೀನಪಾ” ಎಂದೆ.